ಹರ್ಡಲ್ಸ್ ಟೈಮ್ ನಂಬೋದಾ ಬೇಡ್ವಾ? ನೀವೇ ಚೆಕ್ ಮಾಡೋದು ಹೇಗೆ

2022ರ ಜುಲೈ 24, ಅಮೆರಿಕದ ಯೂಜೀನ್, ಹೇವರ್ಡ್ ಫೀಲ್ಡ್. ನಮ್ಮಲ್ಲಿ ಆಗ 25ರ ಬೆಳಗಿನ ಜಾವ. ವಿಶ್ವ ಚಾಂಪಿಯನ್‌ಶಿಪ್‌ನ ಮಹಿಳೆಯರ 100 ಮೀಟರ್ ಹರ್ಡಲ್ಸ್ ಸೆಮಿಫೈನಲ್‌ನಲ್ಲಿ ನೈಜೀರಿಯಾದ ಟೋಬಿ ಅಮುಸಾನ್ 12.12 ಸೆಕೆಂಡ್‌ನಲ್ಲಿ ಓಡಿಬಿಟ್ರು. ಹಿಂದಿನ ವಿಶ್ವದಾಖಲೆ 12.20, ಅಂದ್ರೆ ಒಂದೇ ಏಟಿಗೆ 0.08 ಕಮ್ಮಿ. ಈ ಓಟದಲ್ಲಿ 0.08 ಎಷ್ಟು ದೊಡ್ಡದು ಅಂದ್ರೆ, 1988ರಲ್ಲಿ ಬಲ್ಗೇರಿಯಾದ ಡೊಂಕೋವಾ ಇಟ್ಟಿದ್ದ 12.21ನ್ನ ಬರೀ 0.01 ಇಳಿಸೋಕೇ 28 ವರ್ಷ ಬೇಕಾಯ್ತು. ಬಿಬಿಸಿಗೆ ಮಾತಾಡ್ತಿದ್ದ ಅಮೆರಿಕದ ಮಾಜಿ ಓಟಗಾರ ಮೈಕಲ್ ಜಾನ್ಸನ್ ಈ ಟೈಮ್‌ಗಳು ಸರಿ ಅಂತ ನನಗೆ ಅನಿಸ್ತಿಲ್ಲ ಅಂದ್ರು, 12 ಜನರ ಪರ್ಸನಲ್ ಬೆಸ್ಟ್, 5 ರಾಷ್ಟ್ರೀಯ ದಾಖಲೆ, ಓಡಿದವರಿಗೇ ಶಾಕ್ ಅಂತ ಪಟ್ಟಿ ಕೊಟ್ರು, ಆಮೇಲೆ ಅವರ ಮೇಲೆ ಜನ ಮುಗಿಬಿದ್ರು.

ಅನುಮಾನ ಪಟ್ಟಿದ್ದು ತಪ್ಪಲ್ಲ ಅಂತ ನನ್ನ ಅಭಿಪ್ರಾಯ. ಆದ್ರೆ ಟೈಮಿಂಗ್ ತಪ್ಪು ಅನ್ನೋವ್ರು ಎಲ್ಲಿ ತಪ್ಪು, ಎಷ್ಟು ತಪ್ಪು ಅಂತ ಬೊಟ್ಟು ಮಾಡಿ ತೋರಿಸ್ಬೇಕು. ಅದನ್ನ ಮನೇಲಿ ಕೂತೇ ಸುಮಾರು ಮಟ್ಟಿಗೆ ಚೆಕ್ ಮಾಡಬಹುದು, ನಾನು ಮಾಡೋ ರೀತಿ ಬರೀತೀನಿ.

ಮೊದಲನೇ ಕೆಲ್ಸ, ಬೋರ್ಡ್‌ನಲ್ಲಿ ಮಿನುಗಿದ ಟೈಮ್ ನೋಡಿ ಏನೂ ಹೇಳ್ಬೇಡಿ. ಅಧಿಕೃತ ಟೈಮ್ ಬರೋದು ಫೋಟೋ ಫಿನಿಶ್ ಚಿತ್ರ, ಅಂದ್ರೆ ಫಿನಿಶ್ ಗೆರೆಯಲ್ಲಿರೋ ಕ್ಯಾಮೆರಾದ ಚಿತ್ರ, ಓದಿದ ಮೇಲೆ. 2016ರ ಜುಲೈನಲ್ಲಿ ಲಂಡನ್‌ನಲ್ಲಿ ಕೆಂಡ್ರಾ ಹ್ಯಾರಿಸನ್ ಗೆದ್ದಾಗ ಬೋರ್ಡ್ ಮೊದಲು 12.58 ತೋರಿಸ್ತು, ಆಮೇಲೆ ತಿದ್ದಿದ್ರೆ 12.20, ವಿಶ್ವದಾಖಲೆ! ರೌಂಡಿಂಗ್ ಕೂಡ ಗೊತ್ತಿರ್ಲಿ, 12.111 ಬಂದ್ರೆ ಅದು 12.12, ಯಾವಾಗ್ಲೂ ಮೇಲಕ್ಕೇ. 2006ರಲ್ಲಿ ದೋಹಾದಲ್ಲಿ ಅಮೆರಿಕದ ಓಟಗಾರ ಗ್ಯಾಟ್ಲಿನ್‌ಗೆ 100 ಮೀಟರ್‌ನಲ್ಲಿ 9.76 ಅಂತ ವಿಶ್ವದಾಖಲೆ ಘೋಷಿಸಿ, ಕೆಲವು ದಿನ ಆದ್ಮೇಲೆ ಅಸಲಿ ಓದು 9.766, ಹಾಗಾಗಿ 9.77 ಅಂತ ಸರಿಮಾಡಿದ್ರು.

ಎರಡನೇದು ಗಾಳಿ. ಹರ್ಡಲ್ಸ್‌ನಲ್ಲಿ ಗನ್ ಹೊಡೆದ ಕ್ಷಣದಿಂದ 13 ಸೆಕೆಂಡ್ ಗಾಳಿ ಅಳೀತಾರೆ, ಮಾಪಕ ಇರೋದು ಫಿನಿಶ್‌ನಿಂದ 50 ಮೀಟರ್ ಹಿಂದೆ, 1.22 ಮೀಟರ್ ಎತ್ತರದಲ್ಲಿ. ಬೆನ್ನ ಹಿಂದಿಂದ ಬೀಸೋ ಗಾಳಿ (+ ಅಂತ ಬರೆಯೋದು ಇದನ್ನೇ) ಸರಾಸರಿ ಸೆಕೆಂಡಿಗೆ 2.0 ಮೀಟರ್ ದಾಟಿದ್ರೆ ದಾಖಲೆಗೆ ಲೆಕ್ಕಕ್ಕಿಲ್ಲ. ನಮ್ಮ ಜ್ಯೋತಿ ಯರ್ರಾಜಿಗೆ ಇದು ಎಷ್ಟು ಕಾಡಿತ್ತು ಅಂದ್ರೆ, 2022ರ ಏಪ್ರಿಲ್‌ನಲ್ಲಿ ಕೋಯಿಕ್ಕೋಡ್‌ನಲ್ಲಿ 13.09 ಓಡಿದ್ರು, ಗಾಳಿ +2.1, ಬರೀ 0.1 ಜಾಸ್ತಿ ಅಂತ ರಾಷ್ಟ್ರೀಯ ದಾಖಲೆ ಕೈತಪ್ಪಿ ಹೋಯ್ತು, ಮುಂದಿನ ತಿಂಗಳು ಸೈಪ್ರಸ್‌ಗೆ ಹೋಗಿ 13.23 ಓಡಿ ಅನುರಾಧಾ ಬಿಸ್ವಾಲ್ ಅವರ 13.38ನ್ನ ಮುರೀಬೇಕಾಯ್ತು. ಅದೇ ಅಕ್ಟೋಬರ್‌ನಲ್ಲಿ ನಮ್ಮ ಕಂಠೀರವದಲ್ಲಿ 12.82, ಗಾಳಿ +0.9, ಅದರಲ್ಲಿ ಯಾರೂ ಕೊಂಕು ತೆಗೆಯೋ ಹಾಗಿಲ್ಲ.

ಯೂಜೀನ್‌ನಲ್ಲಿ ದಾಖಲೆ ಆದ ಸೆಮಿಯಲ್ಲೂ +0.9, ಫೈನಲ್‌ನಲ್ಲಿ +2.5, ಅದಕ್ಕೇ ಅಮುಸಾನ್ ಫೈನಲ್‌ನಲ್ಲಿ ಓಡಿದ 12.06 ಚಿನ್ನ ತಂದುಕೊಡ್ತೇ ಹೊರತು ದಾಖಲೆ ಆಗ್ಲಿಲ್ಲ. ಒಂದು ಮಾತು, ಮಾಪಕ ಕೆಟ್ಟಿದ್ರೆ? 1988ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 10.49 ಓಡಿದಾಗ ಗಾಳಿ 0.0 ಅಂತ ಬಂತು, ಹತ್ತಿರದಲ್ಲೇ ಟ್ರಿಪಲ್ ಜಂಪ್ ಮಾಪಕ ಸೆಕೆಂಡಿಗೆ 4 ಮೀಟರ್ ದಾಟಿ ತೋರಿಸ್ತಿತ್ತು. ಹಾಗಾಗಿ ಅದೇ ಹೊತ್ತಲ್ಲಿ ನಡೆದ ಬೇರೆ ಸ್ಪರ್ಧೆಗಳ ಗಾಳಿ ರೀಡಿಂಗ್ ಕೂಡ ಪಕ್ಕದಲ್ಲಿಟ್ಟು ನೋಡಿ.

ಮೂರನೇದು ನನಗೆ ತುಂಬಾ ಇಷ್ಟ, ಅಂತರ ನೋಡೋದು. ಗಡಿಯಾರ ತಡವಾಗಿ ಶುರುವಾಗಿದ್ರೆ ಎಂಟೂ ಲೇನ್‌ಗೆ ಒಂದೇ ಸಮ ಲಾಭ, ಒಬ್ಬರಿಗೆ ಮಾತ್ರ ಸಿಗಲ್ಲ. ಆ ಸೆಮಿಯಲ್ಲಿ ಎರಡನೇ ಸ್ಥಾನ ಹ್ಯಾರಿಸನ್, 12.27, ಅಂದ್ರೆ ಹಳೇ ದಾಖಲೆ ಒಡತಿಯನ್ನೇ ಅಮುಸಾನ್ 0.15 ಹಿಂದೆ ಹಾಕಿದ್ರು, ಫೈನಲ್‌ನಲ್ಲಿ ಎರಡನೇ ಮೂರನೇ ಸ್ಥಾನಕ್ಕೆ ಬಂದವರು ಇಬ್ರೂ 12.23, ಅಲ್ಲಿ 0.17 ಅಂತರ. ಈ ಅಂತರ ಯಾವ ಗಡಿಯಾರದ ತಪ್ಪಿಂದಲೂ ಹುಟ್ಟಲ್ಲ. ಆವತ್ತು ಅವರು ಅಲ್ಲಿದ್ದ ಎಲ್ಲರಿಗಿಂತ ಬೇರೆ ಮಟ್ಟದಲ್ಲಿ ಓಡ್ತಿದ್ರು ಅನ್ನೋದಂತೂ ನಿಜ.

ಈಗ ಅಸಲಿ ಪ್ರಶ್ನೆ, ಗಡಿಯಾರ ಶುರುವಾಗಿದ್ದು ಸರಿಯಾದ ಕ್ಷಣಕ್ಕಾ? ಸ್ಟಾರ್ಟ್ ಸಿಗ್ನಲ್‌ಗೂ ಟೈಮಿಂಗ್ ಶುರುವಾಗೋದಕ್ಕೂ ಮಧ್ಯೆ 0.001 ಸೆಕೆಂಡ್‌ಗಿಂತ ಜಾಸ್ತಿ ತಡ ಇರಬಾರದು ಅಂತ ನಿಯಮ ಇದೆ. ಯೂಜೀನ್‌ನಲ್ಲಿ ಇದರ ಬಗ್ಗೆ ಪ್ರಶ್ನೆ ಎದ್ದಿದ್ದಕ್ಕೆ ಕಾರಣ ಇದೆ. ಪುರುಷರ 110 ಹರ್ಡಲ್ಸ್ ಫೈನಲ್‌ನಲ್ಲಿ ಡೆವನ್ ಅಲೆನ್ ಗನ್ ಆಗಿ 0.099ಕ್ಕೆ ರಿಯಾಕ್ಟ್ ಮಾಡಿದ್ರು ಅಂತ ಹೊರಗೆ ಹಾಕಿದ್ರು, ಮಿತಿ 0.100, ಅದಕ್ಕಿಂತ ಮುಂಚೆ ಎದ್ರೆ ಫಾಲ್ಸ್ ಸ್ಟಾರ್ಟ್, ಅಂದ್ರೆ ಹೊರಗೆ ಹಾಕಿದ್ದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ. ಮಹಿಳೆಯರ 100 ಮೀಟರ್ (ಹರ್ಡಲ್ಸ್ ಇಲ್ಲದ್ದು) ಸೆಮಿಗಳಲ್ಲೂ ಇಬ್ರು 0.093, 0.095 ಅಂತ ಹೋದ್ರು. ಒಂದೇ ಕೂಟದಲ್ಲಿ ಇಷ್ಟೊಂದು ಚುರುಕು ರಿಯಾಕ್ಷನ್ ಬಂದ್ರೆ, ಸಿಸ್ಟಮ್‌ನ ಸೊನ್ನೆ ಕ್ಷಣ ಓಟಗಾರರ ಕಿವಿಗೆ ಬಿದ್ದ ಸದ್ದಿಗಿಂತ ಸ್ವಲ್ಪ ತಡ ಇತ್ತಾ ಅಂತ ಕೇಳೋದು ನ್ಯಾಯವಾದ ಪ್ರಶ್ನೆನೇ. ಅಲೆನ್ ಅವರ ವಿಷಯ ಈಗ್ಲೂ ನನಗೆ ಹೊಟ್ಟೆ ಉರಿಯುತ್ತೆ, ಅವರ ತವರಿನಂಥ ಟ್ರ್ಯಾಕ್ ಅದು.

ಆದ್ರೆ ಇಲ್ಲಿ ಪೆನ್ನು ಹಿಡಿದು ಲೆಕ್ಕ ಮಾಡಿ. ರಿಯಾಕ್ಷನ್ನೂ ಓಟದ ಟೈಮೂ ಒಂದೇ ಸ್ಟಾರ್ಟ್ ಸಿಗ್ನಲ್‌ನಿಂದ ಎಣಿಸಿದ್ರೆ, ತಡ ಎಷ್ಟಿರುತ್ತೋ ಎರಡರಲ್ಲೂ ಅಷ್ಟೇ ಕಮ್ಮಿ ಆಗುತ್ತೆ. 0.02 ತಡ ಅಂದುಕೊಳ್ಳಿ, 12.12 ಅನ್ನೋದು 12.14 ಆಗುತ್ತೆ, ಆಗ್ಲೂ ದಾಖಲೆನೇ. ದಾಖಲೆ ಹೋಗ್ಬೇಕಂದ್ರೆ 0.08 ಅಥವಾ ಜಾಸ್ತಿ ತಡ ಬೇಕು, ಹಾಗೇನಾದ್ರೂ ಇದ್ದಿದ್ರೆ 0.14ಕ್ಕೆ ಎದ್ದವರು ಬೋರ್ಡ್‌ನಲ್ಲಿ 0.06 ಅಂತ ಕಾಣ್ತಿದ್ರು, ಇಡೀ ಹೀಟ್‌ಗೆ ಹೀಟೇ ಫಾಲ್ಸ್ ಸ್ಟಾರ್ಟ್ ಆಗ್ಬೇಕಿತ್ತು. ಆಗ್ಲಿಲ್ಲ. ಹಾಗಾಗಿ ರಿಯಾಕ್ಷನ್ ಬಗ್ಗೆ ಗಲಾಟೆ ಸರಿ, ಅದನ್ನ ಹಿಡ್ಕೊಂಡು ಅಮುಸಾನ್ ದಾಖಲೆ ಸುಳ್ಳು ಅನ್ನೋದು ಸರಿಯಲ್ಲ.

ಇಷ್ಟಾದ್ರೂ ಸಮಾಧಾನ ಆಗ್ದಿದ್ರೆ ವಿಡಿಯೋಗೆ ಇಳೀರಿ. ಇದಕ್ಕೆ ಗನ್ನೇ ಬೇಡ. ಮಹಿಳೆಯರ ಓಟದಲ್ಲಿ ಮೊದಲ ಹರ್ಡಲ್ 13 ಮೀಟರ್‌ಗೆ, ಆಮೇಲೆ 8.5 ಮೀಟರ್‌ಗೊಂದರಂತೆ ಒಟ್ಟು 10, ಕೊನೇಲಿ 10.5 ಮೀಟರ್. ಮೊದಲ ಹರ್ಡಲ್ ದಾಟಿ ಕಾಲು ನೆಲ ಮುಟ್ಟಿದ ಫ್ರೇಮ್ ಹಿಡೀರಿ, ಹತ್ತನೇದು ದಾಟಿ ಮುಟ್ಟಿದ ಫ್ರೇಮ್ ಹಿಡೀರಿ, ಮಧ್ಯದ ಫ್ರೇಮ್ ಎಣಿಸಿ ವಿಡಿಯೋದ ಫ್ರೇಮ್ ರೇಟ್‌ನಿಂದ ಭಾಗಿಸಿ. ಒಂಬತ್ತು ಗ್ಯಾಪ್‌ಗೆ ಎಷ್ಟಾಯ್ತು ಗೊತ್ತಾಗುತ್ತೆ, ಟಾಪ್ ಓಟಗಾರ್ತಿಯರಲ್ಲಿ ಒಂದೊಂದು ಗ್ಯಾಪ್ ಒಂದು ಸೆಕೆಂಡಿನ ಆಸುಪಾಸು ಅಥವಾ ಸ್ವಲ್ಪ ಕಮ್ಮಿ, ಮೊದಲ ಹರ್ಡಲ್ ತನಕ ಸುಮಾರು ಎರಡೂವರೆ ಸೆಕೆಂಡ್. ಅದೇ ಓಟಗಾರ್ತಿಯ ಇನ್ನೊಂದು ರೇಸ್, ಯಾರೂ ಅನುಮಾನ ಪಡದೇ ಇರೋದು, ಅದನ್ನೂ ಇದೇ ಥರ ಎಣಿಸಿ. ಅಧಿಕೃತ ಟೈಮ್ 0.2 ಕಮ್ಮಿ ಆಗಿದ್ದು ಹರ್ಡಲ್‌ಗಳ ಮಧ್ಯದ ಟೈಮೂ ಹೆಚ್ಚೂಕಮ್ಮಿ ಅಷ್ಟೇ ಇಳಿದಿದ್ರೆ ಓಟವೇ ಫಾಸ್ಟ್. ಮಧ್ಯದ ಟೈಮ್ ಹಾಗೇ ಇದ್ದು ಕಡಿತ ಪೂರಾ ಸ್ಟಾರ್ಟ್‌ನಿಂದ ಮೊದಲ ಹರ್ಡಲ್ ತನಕದ ಭಾಗದಲ್ಲೇ ಕೂತಿದ್ರೆ ಮಾತ್ರ ಗಡಿಯಾರದ ಮೇಲೆ ಕಣ್ಣಿಡಿ.

ಎಚ್ಚರ ಮೂರು. 25 ಫ್ರೇಮ್ ವಿಡಿಯೋದಲ್ಲಿ ಒಂದು ಫ್ರೇಮ್ ಅಂದ್ರೆ 0.04 ಸೆಕೆಂಡ್, ಅದರಿಂದ 0.02 ತಪ್ಪು ಕಂಡುಹಿಡಿದೆ ಅನ್ನೋಕೆ ಹೋಗ್ಬೇಡಿ, 50 ಇಲ್ಲಾ 60 ಫ್ರೇಮ್‌ದು ಹುಡುಕಿ. ಸ್ಲೋ ಮೋಷನ್ ರೀಪ್ಲೇ ಎಣಿಸೋಕೆ ಬರಲ್ಲ. ಮೂಲೆಯಿಂದ ತೆಗೆದ ಕ್ಯಾಮೆರಾದಲ್ಲಿ ಫಿನಿಶ್ ಗೆರೆ ಮೋಸ ಮಾಡುತ್ತೆ, ಕಾಲು ನೆಲ ಮುಟ್ಟೋದು ಅಷ್ಟು ಮೋಸ ಮಾಡಲ್ಲ, ಅದಕ್ಕೇ ಅದನ್ನ ಹೇಳಿದ್ದು.

ಶೂ ಮಾತೂ ಬಂದಿತ್ತು. ಅಮುಸಾನ್ ದೂರದ ಓಟಕ್ಕೆ ಅಂತ ಮಾಡಿದ ದಪ್ಪ ಫೋಮ್ ಸ್ಪೈಕ್ (ಮೊಳೆ ಇರೋ ಶೂ) ಹಾಕಿದ್ರು, ನಿಯಮದಲ್ಲಿ ಅದಕ್ಕೆ ಅನುಮತಿ ಇತ್ತು. ಶೂ ಓಟವನ್ನ ಬದಲಾಯಿಸಿರಬಹುದು, ಗಡಿಯಾರವನ್ನಲ್ಲ, ಎರಡನ್ನೂ ಕಲೆಸ್ಬೇಡಿ. ಆಮೇಲೆ ಆ ಸೀಸನ್‌ನಲ್ಲೇ ಅವರು ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ 12.30, ಜ್ಯೂರಿಕ್‌ನಲ್ಲಿ 12.29 ಓಡಿದ್ರು, ಬೇರೆ ಊರು ಬೇರೆ ಗಡಿಯಾರ. 12.12 ಒಂದೇ ಸಲ ಬಂತು ನಿಜ, ಆದ್ರೆ ಎಲ್ಲಿಂದಲೋ ಉದುರಿದ್ದಲ್ಲ. ದಾಖಲೆಗೆ ಆಮೇಲೆ ವರ್ಲ್ಡ್ ಅಥ್ಲೆಟಿಕ್ಸ್ ಮಾನ್ಯತೆನೂ ಕೊಡ್ತು.

ನಮ್ಮ ತಾಲೂಕು, ಜಿಲ್ಲಾ ಕ್ರೀಡಾಕೂಟಗಳಲ್ಲಿ ಕಥೆನೇ ಬೇರೆ, ಅಲ್ಲಿ ಮೊದಲು ಅನುಮಾನ ಪಡಬೇಕಾದ್ದು ಸ್ಟಾಪ್‌ವಾಚ್. ಗನ್ ಸದ್ದು 100 ಮೀಟರ್ ದಾಟಿ ಫಿನಿಶ್‌ನಲ್ಲಿ ನಿಂತವರ ಕಿವಿಗೆ ಬೀಳೋಕೆ ಸುಮಾರು 0.29 ಸೆಕೆಂಡ್ ಬೇಕು, ಅದಕ್ಕೇ ಸದ್ದಿಗಲ್ಲ, ಹೊಗೆ ಅಥವಾ ಬೆಳಕು ನೋಡಿ ಒತ್ತಬೇಕು. ಹಾಗೆ ಒತ್ತಿದ್ರೂ ಹ್ಯಾಂಡ್ ಟೈಮ್ ಸಾಮಾನ್ಯವಾಗಿ ಕಮ್ಮಿ ಬರುತ್ತೆ, ಎಲೆಕ್ಟ್ರಾನಿಕ್ ಜೊತೆ ಹೋಲಿಸ್ಬೇಕಾದ್ರೆ 100, 110 ಹರ್ಡಲ್ಸ್‌ಗೆ 0.24 ಸೇರಿಸಿ. ನಾನೊಂದು ಕೂಟದಲ್ಲಿ ಟೈಮ್ ಹಿಡಿಯೋಕೆ ನಿಂತಿದ್ದೆ, ಒಂದು ಹುಡುಗಿಗೆ ಮೂರು ವಾಚ್‌ನಲ್ಲಿ ಮೂರು ಬೇರೆ ಟೈಮ್, ಮಧ್ಯದ್ದನ್ನ ತಗೊಂಡ್ವಿ, ನಿಯಮ ಇರೋದೂ ಹಾಗೇ, ಆದ್ರೆ ಹರ್ಡಲ್ ಎತ್ತರ ನೋಡಿದ್ರೆ 83.8 ಸೆಂಟಿಮೀಟರ್ ಇರಬೇಕಾದ ಕಡೆ 76.2ಕ್ಕೆ ಇಟ್ಟಿದ್ರು. ಆ ಟೈಮ್ ಎಷ್ಟೇ ಚೆನ್ನಾಗಿದ್ರೂ ಏನು ಉಪಯೋಗ, ಆ ಮಗು ಮುಖ ನೋಡೋಕೆ ಆಗ್ಲಿಲ್ಲ. ಟೇಪ್ ಹಿಡಿದು ಹರ್ಡಲ್ ಎತ್ತರ, ದೂರ ಅಳೆದು ನೋಡಿ, ರೇಸ್‌ಗೆ ಮುಂಚೆ.

ಫೋಟೋ ಫಿನಿಶ್ ಇದ್ರೆ ಕೋಚ್‌ಗಳು, ಅಪ್ಪ ಅಮ್ಮಂದಿರು ಹೋಗಿ ಜೀರೋ ಟೆಸ್ಟ್ ಮಾಡಿದ್ರಾ ಅಂತ ಮರ್ಯಾದೆಯಿಂದ ಕೇಳಿ. ಗನ್ನನ್ನ ಕ್ಯಾಮೆರಾ ಎದುರಿಗೆ ಹಿಡಿದು ಹೊಡೀತಾರೆ, ಬೆಳಕು ಚಿತ್ರದಲ್ಲಿ ಸೊನ್ನೆ ಹತ್ರಾನೇ ಬಿದ್ದಿರಬೇಕು. ಕಾಗದ ಪತ್ರನೂ ಕೇಳಿಟ್ಕೊಳ್ಳಿ. 2020ರ ಜನವರಿಯಲ್ಲಿ ನಮ್ಮ ಮೂಡುಬಿದಿರೆಯಲ್ಲೇ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಜ್ಯೋತಿ 13.03 ಓಡಿದ್ರು, ಆಗಿನ ರಾಷ್ಟ್ರೀಯ ದಾಖಲೆಗಿಂತ 0.35 ಕಮ್ಮಿ, ಡೋಪ್ ಟೆಸ್ಟ್ ಆಗಿರ್ಲಿಲ್ಲ, ಫೆಡರೇಶನ್‌ನ ಟೆಕ್ನಿಕಲ್ ಡೆಲಿಗೇಟ್ ಇರ್ಲಿಲ್ಲ ಅಂತ ದಾಖಲೆ ಪುಸ್ತಕಕ್ಕೆ ಹತ್ತಲೇ ಇಲ್ಲ.