ಲಿಂಕರ್ ಮ್ಯಾಪ್‌ನಲ್ಲಿ ಅಪರಿಚಿತ ಸೆಕ್ಷನ್ ಕಂಡರೆ

ಮೈಕ್ರೋಕಂಟ್ರೋಲರ್‌ಗೆ ಪ್ರೋಗ್ರಾಂ ಬರೆಯುವವರಿಗೆ ಟೆಕ್ಸ್ಟ್ (ಕೋಡ್), ಡೇಟಾ (ಆರಂಭಿಕ ಬೆಲೆಯುಳ್ಳ ವೇರಿಯಬಲ್‌ಗಳು), ಬಿಎಸ್‌ಎಸ್ (ಸೊನ್ನೆಯಿಂದ ಆರಂಭವಾಗುವ ವೇರಿಯಬಲ್‌ಗಳು) ಎಂಬ ಮೂರು ಸೆಕ್ಷನ್‌ಗಳು, ಅಂದರೆ ಪ್ರೋಗ್ರಾಂನ ವಿಭಾಗಗಳು, ಪರಿಚಿತ. ಆದರೆ ಆರ್ಮ್ ಕಾರ್ಟೆಕ್ಸ್-ಎಂ ಪ್ರೊಸೆಸರ್‌ಗೆ ಜಿಸಿಸಿ ಕಂಪೈಲರ್‌ನಲ್ಲಿ ಬಿಲ್ಡ್ ಮಾಡಿದಾಗ, ಯಾವುದು ಮೆಮೊರಿಯಲ್ಲಿ ಎಲ್ಲಿದೆ ಎಂದು ಲಿಂಕರ್ ಬರೆದಿಡುವ ಮ್ಯಾಪ್ ಫೈಲಿನಲ್ಲಿ ‘ಆರ್ಮ್ ಎಕ್ಸ್‌ಐಡಿಎಕ್ಸ್’ ಎಂಬ, ನಾವು ಎಲ್ಲಿಯೂ ಬರೆಯದ ಹೆಸರೊಂದು ಕಾಣಿಸಿಕೊಳ್ಳುವುದುಂಟು. ಅದನ್ನು ಲಿಂಕರ್ ಸ್ಕ್ರಿಪ್ಟ್‌ನ (ಯಾವ ಸೆಕ್ಷನ್ ಎಲ್ಲಿ ಕೂರಬೇಕೆಂದು ಲಿಂಕರ್‌ಗೆ ಹೇಳುವ ಫೈಲು) ಡಿಸ್ಕಾರ್ಡ್ ಪಟ್ಟಿಗೆ, ಅಂದರೆ ಬಿಸಾಡುವ ಪಟ್ಟಿಗೆ, ಸೇರಿಸಿ ಕೈತೊಳೆದುಕೊಳ್ಳುವುದು ಅವಸರದ ಕೆಲಸ. ಸೆಕ್ಷನ್ ತಂದವರು ಯಾರು, ಓದುವವರು ಯಾರು ಎಂಬುದು ತಿಳಿದ ಮೇಲೆಯೇ ತೀರ್ಮಾನಕ್ಕೆ ಬರಬೇಕು.

ಮೊದಲು ಬಿಲ್ಡ್‌ನಿಂದ ಬಂದ ಎಲ್ಫ್ ಫೈಲಿನ ಮೇಲೆ ಆಬ್ಜ್‌ಡಂಪ್ ಎಂಬ ಉಪಕರಣ ಓಡಿಸಿ ಸೆಕ್ಷನ್‌ಗಳ ಪಟ್ಟಿ ತೆಗೆಯಿರಿ. ‘ಅಲಾಕ್’ ಎಂಬ ಗುರುತಿಲ್ಲದ ಸೆಕ್ಷನ್‌ಗಳು, ಅಂದರೆ ಡಿಬಗ್, ಕಾಮೆಂಟ್ ಮುಂತಾದವು, ಚಿಪ್‌ನ ಮೆಮೊರಿಗೆ ಹೋಗುವುದೇ ಇಲ್ಲ; ಅವುಗಳ ಗೊಡವೆ ಬೇಡ.

ನಂತರ ಮ್ಯಾಪ್ ಫೈಲ್ ತೆರೆಯಿರಿ. ಲೈಬ್ರರಿಯಿಂದ ಯಾವ ಆಬ್ಜೆಕ್ಟ್ ಫೈಲು ಯಾವ ಸಿಂಬಲ್‌ಗಾಗಿ (ಫಂಕ್ಷನ್ ಅಥವಾ ವೇರಿಯಬಲ್‌ನ ಹೆಸರು) ಬಂತು ಎಂಬುದನ್ನು ಅದರ ತಲೆಭಾಗದಲ್ಲೇ ಲಿಂಕರ್ ಬರೆದಿಟ್ಟಿರುತ್ತದೆ. ಶುದ್ಧ ಸಿ ಪ್ರೋಗ್ರಾಂನಲ್ಲಿ ಈ ಸೆಕ್ಷನ್ನಿನ ಜಾಡು ಹಿಡಿದು ಹೋದರೆ ಸಾಮಾನ್ಯವಾಗಿ ತಲುಪುವುದು ಜಿಸಿಸಿಯ ಸಹಾಯಕ ಲೈಬ್ರರಿಯಾದ ಲಿಬ್‌ಜಿಸಿಸಿಯೊಳಗಿನ 64 ಬಿಟ್ ಭಾಗಾಕಾರದ ಫೈಲಿಗೆ. ಕಾರ್ಟೆಕ್ಸ್-ಎಂ3ರಲ್ಲಿ 32 ಬಿಟ್ ಭಾಗಾಕಾರಕ್ಕೆ ಹಾರ್ಡ್‌ವೇರ್ ಇದೆ, 64ಕ್ಕೆ ಇಲ್ಲ. ಆದ್ದರಿಂದ ನೀವು 64 ಬಿಟ್ ಮಿಲಿಸೆಕೆಂಡ್ ಲೆಕ್ಕವನ್ನು 1000ದಿಂದ ಭಾಗಿಸಿದ ಒಂದೇ ಸಾಲು ಆ ಫೈಲನ್ನೂ ಅದರ ಜೊತೆಗೆ ಈ ಸೆಕ್ಷನ್ನನ್ನೂ ಎಳೆದು ತಂದಿರಬಹುದು.

ಅದರೊಳಗಿರುವುದು ಒಂದು ಕೋಷ್ಟಕ. ಪ್ರತಿ ನಮೂದಿಗೆ 8 ಬೈಟ್: ಮೊದಲ 4 ಬೈಟ್ ಫಂಕ್ಷನ್ ಎಲ್ಲಿ ಆರಂಭವಾಗುತ್ತದೆ ಎಂಬುದನ್ನೂ, ಉಳಿದ 4 ಬೈಟ್ ಆ ಫಂಕ್ಷನ್ನಿನಿಂದ ಸ್ಟ್ಯಾಕನ್ನು ಹಿಂದಕ್ಕೆ ಬಿಚ್ಚುವ (ಅದನ್ನು ಕರೆದ ಫಂಕ್ಷನ್ನಿನ ಸ್ಥಿತಿಗೆ ಮರಳುವ) ಬಗೆಯನ್ನೂ ಹೇಳುತ್ತವೆ, ಅಲ್ಲಿ ಬರಿಯ 1 ಇದ್ದರೆ ಬಿಚ್ಚಲಾಗದು ಎಂದರ್ಥ. ಸಿ++ ಎಕ್ಸೆಪ್ಷನ್‌ಗಳಿಗೆ ಈ ಕೋಷ್ಟಕ ಬೇಕೇ ಬೇಕು.

ಹೆಚ್ಚು ಎಚ್ಚರ ಬೇಕಾದ ಜಾಗ ಮುಂದಿನದು. ಸ್ಕ್ರಿಪ್ಟ್‌ನಲ್ಲಿ ಹೆಸರಿಸದ ಸೆಕ್ಷನ್ ‘ಆರ್ಫನ್’, ಅಂದರೆ ಅನಾಥ. ಅದನ್ನು ಲಿಂಕರ್ ತನಗೆ ಸರಿಕಂಡ ಕಡೆ, ಬಹುಮಟ್ಟಿಗೆ ಟೆಕ್ಸ್ಟ್ ಮುಗಿದ ನಂತರವೇ, ಸೇರಿಸಿಬಿಡುತ್ತದೆ. ಫ್ಲ್ಯಾಶ್‌ನಲ್ಲಿ ಡೇಟಾದ ಆರಂಭಿಕ ಬೆಲೆಗಳು ಆಗ ಆ ಸೆಕ್ಷನ್ನಿನಷ್ಟು, ಕನಿಷ್ಠ 8 ಬೈಟ್, ಮುಂದಕ್ಕೆ ಸರಿಯುತ್ತವೆ. ಮೇನ್ ಫಂಕ್ಷನ್ನಿಗೂ ಮೊದಲು ಓಡುವ ನಿಮ್ಮ ಸ್ಟಾರ್ಟಪ್ ಕೋಡ್, ಟೆಕ್ಸ್ಟ್ ಮುಗಿದ ವಿಳಾಸದಿಂದಲೇ ಅವನ್ನು ರ್‍ಯಾಮ್‌ಗೆ ನಕಲು ಮಾಡುತ್ತಿದ್ದರೆ, ಒಂದೇ ಒಂದು ಎಚ್ಚರಿಕೆಯ ಸಾಲೂ ಬಾರದೆ, ಪ್ರತಿ ವೇರಿಯಬಲ್‌ಗೂ ಬೇರೊಂದರ ಬೆಲೆ ಕೂರುತ್ತದೆ. ಭಾಗಾಕಾರ ತೆಗೆದರೆ ಸರಿಹೋಗಿ, ಸೇರಿಸಿದರೆ ಕೆಡುವ ಇಂಥ ದೋಷವನ್ನು ಸಿ ಕೋಡ್‌ನಲ್ಲಿ ಹುಡುಕುತ್ತಾ ದಿನಗಟ್ಟಲೆ ಕಳೆಯುವುದು ನಿಜಕ್ಕೂ ನೋವಿನ ಸಂಗತಿ.

ಆದ್ದರಿಂದ ಟೆಕ್ಸ್ಟ್‌ನ ನಂತರ ಈ ಸೆಕ್ಷನ್ನಿಗೆ ಫ್ಲ್ಯಾಶ್‌ನಲ್ಲೇ ಸ್ಪಷ್ಟವಾಗಿ ಜಾಗ ಕೊಟ್ಟು, ಅದರ ಆರಂಭಕ್ಕೂ ಕೊನೆಗೂ ಲಿಬ್‌ಜಿಸಿಸಿ ಹುಡುಕುವ ಎರಡು ಸಿಂಬಲ್‌ಗಳನ್ನು ಇಡಿ. ನಕಲಿನ ಮೂಲವಿಳಾಸವನ್ನು ಊಹೆಗೆ ಬಿಡದೆ ಲಿಂಕರ್ ಸ್ಕ್ರಿಪ್ಟ್‌ನ ಲೋಡ್‌ಅಡ್ರ್ (LOADADDR) ಫಂಕ್ಷನ್ನಿನಿಂದಲೇ ಪಡೆಯಿರಿ. ರ್‍ಯಾಮ್‌ನಲ್ಲಿ ಓಡುವ ಕೋಡ್‌ಗೆ ನೀವೇ ಸೆಕ್ಷನ್ ಮಾಡಿಕೊಂಡಿದ್ದರೆ ಅದಕ್ಕೂ ಫ್ಲ್ಯಾಶ್‌ನ ಲೋಡ್ ವಿಳಾಸ, ಅಂದರೆ ಮೂಲಪ್ರತಿ ಇರುವ ಜಾಗ, ಬೇಕು. ಎಸ್‌ಟಿಎಂ32ರಲ್ಲಿ ಇದನ್ನು ಮರೆತರೆ, ಫ್ಲ್ಯಾಶ್ ಆರಂಭವಾಗುವ ಹೆಕ್ಸ್ 08000000ರಿಂದ ರ್‍ಯಾಮ್ ಆರಂಭವಾಗುವ 20000000ದವರೆಗಿನ ಖಾಲಿ ಜಾಗವನ್ನೆಲ್ಲ ಎಲ್ಫ್‌ನಿಂದ ಬಿನ್ ಫೈಲ್ ಮಾಡುವ ಆಬ್ಜ್‌ಕಾಪಿ ಉಪಕರಣ ತುಂಬಿ 384 ಎಂಬಿಗೂ ಮೀರಿದ ಬಿನ್ ಫೈಲ್ ಕೈಗಿಡುತ್ತದೆ.

ಕೊನೆಯದಾಗಿ ಲಿಂಕರ್‌ನ ‘ಆರ್ಫನ್ ಹ್ಯಾಂಡ್ಲಿಂಗ್’ ಆಯ್ಕೆಯನ್ನು ‘ಎರರ್’ಗೆ ಇಟ್ಟು ಮತ್ತೆ ಬಿಲ್ಡ್ ಮಾಡಿ, ಮ್ಯಾಪ್‌ನಲ್ಲಿ ಡೇಟಾದ ಲೋಡ್ ವಿಳಾಸವೂ ಸ್ಟಾರ್ಟಪ್ ಕೋಡ್ ಓದುವ ಸಿಂಬಲ್‌ನ ವಿಳಾಸವೂ ಒಂದೇ ಆಗಿವೆಯೇ ಎಂದು ಅಂಕಿಗೆ ಅಂಕಿ ತಾಳೆ ನೋಡಿ.