ತೂಬು ಹುಡುಕಿದ್ದು

ಜೂನ್ 5 ಬಂತೆಂದರೆ ಸಸಿ ನೆಡುವುದು, ಸ್ವಿಚ್‌ಬೋರ್ಡ್ ಪಕ್ಕ ‘ದೀಪ ಆರಿಸಿ’ ಎಂದು ಚೀಟಿ ಅಂಟಿಸುವುದು. ಕೋಲಾರ ತಾಲ್ಲೂಕಿನ ನಮ್ಮ ಕ್ಯಾಂಪಸ್ಸಿನಲ್ಲಿ ಪರಿಸರ ಸಮಿತಿಯ ಹೊಣೆ ಹೊತ್ತ ಮೊದಲ ಎರಡು ವರ್ಷ ನಾನು ಮಾಡಿದ್ದು ಇಷ್ಟೇ. ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಅರ್ಧಕ್ಕರ್ಧ ಸಸಿ ಒಣಗಿರುತ್ತಿದ್ದವು. ಕರೆಂಟ್ ಬಿಲ್ ಇಳಿಯಲಿಲ್ಲ.

ಮೂರನೇ ವರ್ಷ ಸಸಿ ತರಿಸುವ ಮೊದಲು ದೊಡ್ಡ ಹಾಳೆ ಹಾಸಿಕೊಂಡು ಕೂತೆವು. ವಿದ್ಯಾರ್ಥಿಗಳು, ಹಾಸ್ಟೆಲ್ ಅಡುಗೆಯವರು, ಲೆಕ್ಕಪತ್ರ ವಿಭಾಗದ ಗುಮಾಸ್ತರು, ಮೋಟರ್ ನೋಡಿಕೊಳ್ಳುವ ಅಣ್ಣ. ಯಾವುದು ಯಾವುದನ್ನು ಹೆಚ್ಚಿಸುತ್ತದೆ, ತಗ್ಗಿಸುತ್ತದೆ ಎಂದು ಬಾಣ ಎಳೆಯುತ್ತ ಹೋದೆವು. ಸಸಿಯಿಂದ ಹೊರಟ ಬಾಣ ನೀರಿಗೆ, ನೀರಿನಿಂದ ಬೋರ್‌ವೆಲ್‌ಗೆ, ಅಲ್ಲಿಂದ ಕರೆಂಟಿಗೆ ಹೋಗಿ ನಿಂತಿತು. ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟುವುದು ಹೊಸದಲ್ಲ. ಅಷ್ಟು ಆಳದಿಂದ 1,000 ಲೀಟರ್ ಎತ್ತಲು, ಪಂಪಿನ ನಷ್ಟವೂ ಸೇರಿ, ಹೆಚ್ಚುಕಡಿಮೆ 2 ಯೂನಿಟ್ ಬೇಕು. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಹವಾಮಾನಕ್ಕೆಂದು ನೆಟ್ಟ ಸಸಿಗೂ ಅದರ ಪಕ್ಕದ ಹುಲ್ಲುಹಾಸಿಗೂ ನಾವು ಕಲ್ಲಿದ್ದಲು ಸುಟ್ಟು ನೀರು ಹಾಯಿಸುತ್ತಿದ್ದೆವು! ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ವ್ಯವಸ್ಥೆಯನ್ನು ಎಲ್ಲಿ ಹಿಡಿದರೆ ಹೆಚ್ಚು ಬದಲಾಗುತ್ತದೆ ಎಂದು ಅಮೆರಿಕದ ಪರಿಸರ ವಿಜ್ಞಾನಿ ಡೊನೆಲ್ಲಾ ಮೆಡೋಸ್ 1999ರಲ್ಲಿ 12 ಜಾಗ ಗುರುತಿಸಿದ್ದರು. ಅಂಕಿ ಹೆಚ್ಚುಕಡಿಮೆ ಮಾಡುವುದು ಅದರಲ್ಲಿ ತೀರ ಕೆಳಗೆ; ಮಾಹಿತಿ ಯಾರಿಗೆ ಮುಟ್ಟುತ್ತದೆ ಎಂಬುದು ಅದಕ್ಕಿಂತ ಬಹಳ ಮೇಲೆ. ಮಾರನೆಯ ದಿನ ಇದನ್ನು ವಿವರಿಸುತ್ತಿದ್ದಾಗ ಮೋಟರ್ ಅಣ್ಣ ಹೇಳಿದರು: “ಅದೇ ಮೇಡಂ, ತೂಬು. ನಮ್ಮಪ್ಪ ಕೆರೆ ನೀರು ಬಿಡೋ ನೀರುಗಂಟಿ ಆಗಿದ್ರು. ಏರಿ ಎಷ್ಟುದ್ದ ಇದ್ರೂ ಗದ್ದೆಗೆ ನೀರು ಬಿಡೋದು ತೂಬಲ್ಲೇ.” ಸ್ವಲ್ಪ ತಡೆದು, “ಮೋಟರಿಗೆ ಬಿಲ್ ಎಷ್ಟು ಬರುತ್ತೆ ಅಂತ ನಂಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ” ಅಂದರು.

ತೂಬು ಸಿಕ್ಕಿತ್ತು. ಸ್ವಿಚ್ ಇವರ ಕೈಯಲ್ಲಿ, ಬಿಲ್ ಗುಮಾಸ್ತರ ಫೈಲಿನಲ್ಲಿ.

ಪಂಪಿಗೆ ಬೇರೆ ಮೀಟರ್ ಹಾಕಿಸಿದೆವು. ದಿನದ ರೀಡಿಂಗನ್ನು ಅಣ್ಣನೇ ಹಾಸ್ಟೆಲ್ ಮೆಸ್ ಬಾಗಿಲ ಬೋರ್ಡಿನಲ್ಲಿ ಬರೆಯತೊಡಗಿದರು. ವಾರ ಕಳೆಯುವಷ್ಟರಲ್ಲಿ ಹುಡುಗಿಯರೇ ಬಂದು, ರಾತ್ರಿ ಟ್ಯಾಂಕ್ ತುಂಬಿ ಚೆಲ್ಲುವ ಸದ್ದು ಕೇಳುತ್ತದೆ ಎಂದರು. ಟ್ಯಾಂಕ್ ತುಂಬಿದೊಡನೆ ಪಂಪನ್ನು ತಾನೇ ನಿಲ್ಲಿಸುವ ಫ್ಲೋಟ್ ಸ್ವಿಚ್ ಬಂತು. ಹುಲ್ಲುಹಾಸು ತೆಗೆದು ಹೊಂಗೆ, ಬೇವು ನೆಟ್ಟು, ಬಚ್ಚಲ ನೀರನ್ನು ಅತ್ತ ತಿರುಗಿಸಿದೆವು. ಇವೆಲ್ಲ ಸುಲಭದ ಕೆಲಸ. ಕಷ್ಟವಾಗಿದ್ದು ನಿಯಮ: ಬಿಲ್ಲಿನಲ್ಲಿ ಉಳಿದ ದುಡ್ಡು ಕ್ಯಾಂಪಸ್ಸಿಗೆ ವಾಪಸ್ ಬರುತ್ತಿರಲಿಲ್ಲ, ಹಾಗಾಗಿ ಉಳಿಸಬೇಕೆಂಬ ತುರ್ತು ಯಾರಿಗೂ ಇರಲಿಲ್ಲ. ಅದರಲ್ಲೊಂದು ಪಾಲು ಇಲ್ಲೇ ಖರ್ಚಾಗಲಿ ಎಂಬ ಆದೇಶಕ್ಕೆ ಒಂದೂವರೆ ವರ್ಷ ಓಡಾಡಿದೆ. ಸಸಿ ನೆಡುವುದಕ್ಕಿಂತ ದೊಡ್ಡ ಹವಾಮಾನದ ಕೆಲಸ ಅದೇ ಎಂದು ನಾನು ಈಗಲೂ ನಂಬಿದ್ದೇನೆ.

ಈ ವರ್ಷ ಮಕ್ಕಳು ಹಾಳೆಗೆ ಇನ್ನೊಂದು ಹಾಳೆ ಅಂಟಿಸಿದ್ದಾರೆ. 2018ರಿಂದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ; ಒಂದು ಕೆರೆ ಕೋಡಿ ಹರಿದರೆ ಮುಂದಿನದಕ್ಕೆ. ಬಾಣ ಈಗ ಕಾಂಪೌಂಡ್ ದಾಟಿ ಅಲ್ಲಿಗೆ ಹೊರಟಿದೆ.