ಬಸ್ಸಿಳಿದು ಬಂದ ಕೋಳಿಮರಿ ತಲೆ ಜೋಲು ಹಾಕಿ ಮಲಗಿದ್ದರೆ

ಡಬ್ಬದ ಮುಚ್ಚಳ ತೆಗೆದ ಕೂಡಲೇ ಮರಿಗಳೆಲ್ಲ ಒಟ್ಟಿಗೆ ಚಿಂವ್ ಚಿಂವ್ ಅಂತ ಮನೆ ಎತ್ತಿ ಹಾಕುತ್ತವೆ. ಒಳ್ಳೆಯದೇ. ಆದರೆ ಮೂಲೆಯಲ್ಲಿ ಒಂದೋ ಎರಡೋ ಸುಮ್ನೆ ಬಿದ್ದಿರುತ್ತವೆ, ಬೇರೆ ಮರಿಗಳು ಮೇಲೆ ಹತ್ತಿ ತುಳಿದುಕೊಂಡು ಓಡಾಡಿದರೂ ಏಳುವುದಿಲ್ಲ. ಕೈಗೆತ್ತಿಕೊಂಡರೆ ತಲೆ ಜೋಲುತ್ತದೆ. ಕಾಲು ಮುಟ್ಟಿದರೆ ತಣ್ಣಗೆ. ಸತ್ತೇ ಹೋಗಿದೆ ಅಂತ ಬಿಸಾಡುವ ಮುಂಚೆ ಎದೆ ನೋಡಿ. ಉಸಿರು ಆಡುತ್ತಿದ್ದರೆ ಇನ್ನೂ ದಾರಿ ಇದೆ.

ಮೊದಲ ಸಲ ಗಿರಿರಾಜ ತಳಿಯ ಕೋಳಿಮರಿ ತರಿಸಿದಾಗ ನಾನು ಮಾಡಿದ ತಪ್ಪು ಮೊದಲೇ ಹೇಳಿಬಿಡುತ್ತೇನೆ. ಡಬ್ಬ ರಾತ್ರಿ ಇಡೀ ಬಸ್ಸಿನಲ್ಲಿ ಬಂದಿತ್ತು, ಪಾಪ ಹಸಿದಿರುತ್ತದೆ ಅಂತ ಸುಸ್ತಾದ ಮರಿಯ ಬಾಯಿ ಬಿಡಿಸಿ ನೀರು ಹಾಕಿದೆ. ಮೂಗಿನಿಂದ ಗುಳ್ಳೆ ಬಂತು, ಹತ್ತು ನಿಮಿಷಕ್ಕೆ ಮರಿ ಸತ್ತೇ ಹೋಯಿತು. ತಣ್ಣಗಾದ ಮರಿಗೆ ನುಂಗುವ ಶಕ್ತಿ ಇರುವುದಿಲ್ಲ, ಹಾಕಿದ ನೀರು ನೇರ ಶ್ವಾಸಕೋಶಕ್ಕೆ. ಅದು ಸತ್ತಿದ್ದು ಹಸಿವಿನಿಂದಲ್ಲ, ನನ್ನ ಕೈಯಿಂದ.

ಹಸಿವಿನ ಗಾಬರಿ ಬೇಡ. ಮೊಟ್ಟೆಯಿಂದ ಹೊರಬರುವ ಮುಂಚೆ ಮರಿ ಉಳಿದ ಹಳದಿ ಭಂಡಾರವನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಅದರ ಮೇಲೆ ಸುಮಾರು 72 ಗಂಟೆ ಬದುಕಬಲ್ಲದು. ಹಾಗಿರುವುದಕ್ಕೇ ಅಲ್ವಾ ಒಂದು ದಿನದ ಮರಿಯನ್ನು ಡಬ್ಬದಲ್ಲಿ ಹಾಕಿ ಊರೂರಿಗೆ ಕಳಿಸುವುದು? ದಾರಿಯಲ್ಲಿ ಮರಿಯನ್ನು ಕೆಡಿಸುವುದು ಹೆಚ್ಚಾಗಿ ಚಳಿ, ಸೆಕೆ ಮತ್ತು ಮೈ ಒಣಗುವುದು.

ಆದ್ದರಿಂದ ಮೊದಲು ಬಿಸಿ, ಆಮೇಲೆ ನೀರು, ಕೊನೆಗೆ ಮೇವು. ಈ ಸಾಲು ತಪ್ಪಬೇಡಿ.

ಮರಿ ಒದ್ದೆಯಾಗಿದ್ದರೆ ಒಣಬಟ್ಟೆಯಲ್ಲಿ ಒರೆಸಿ. ಎರಡು ಅಂಗೈ ನಡುವೆ ಹಿಡಿದು ಎದೆಗೆ ಅವುಚಿಕೊಳ್ಳಿ. ಅಷ್ಟರಲ್ಲಿ ಮನೆಯಲ್ಲಿ ಯಾರಾದರೂ ಒಂದು ರಟ್ಟಿನ ಡಬ್ಬ ತಯಾರು ಮಾಡಲಿ. ತಳಕ್ಕೆ ಗೋಣಿಚೀಲ ಅಥವಾ ಒರಟು ಬಟ್ಟೆ ಹಾಸಿ, ಬರೀ ನ್ಯೂಸ್‌ಪೇಪರ್ ಬೇಡ. ಅದರ ಮೇಲೆ ಕಾಲು ಜಾರಿ ಜಾರಿ ಎರಡೂ ಕಾಲು ಪಕ್ಕಕ್ಕೆ ಚಾಚಿಕೊಳ್ಳುತ್ತವೆ, ಆಮೇಲೆ ಅದೇ ಒಂದು ಕಷ್ಟ. ಡಬ್ಬದ ಒಂದು ಬದಿಗೆ ಮಾತ್ರ 60 ವ್ಯಾಟಿನ ಬಲ್ಬ್ ನೇತು ಹಾಕಿ, ಬಟ್ಟೆಗೂ ರಟ್ಟಿಗೂ ತಾಗದ ಹಾಗೆ. ಹಳೇ ಕಾಲದ ತಂತಿ ಬಲ್ಬ್ ಆಗಬೇಕು. ಎಲ್‌ಇಡಿ ಹಾಕಿ ಬೆಳಕು ಬಂತು ಅಂತ ಸಮಾಧಾನ ಪಡುವವರು ತುಂಬಾ ಜನ, ಆದರೆ ಅದರಿಂದ ಮರಿಗೆ ಬೇಕಾದಷ್ಟು ಕಾವು ಬರುವುದಿಲ್ಲ. ಮರಿ ಮಲಗುವ ಜಾಗದಲ್ಲಿ 35 ಡಿಗ್ರಿ ಇರಬೇಕು. ಬದಿಗೆ ಯಾಕೆ ಅಂದರೆ, ಸ್ವಲ್ಪ ಶಕ್ತಿ ಬಂದ ಮೇಲೆ ಸೆಕೆಯಾದರೆ ಅದೇ ಆಚೆ ಸರಿಯಲಿ ಅಂತ. ಅಲ್ಲಿಯವರೆಗೆ ಆಗಾಗ ನೀವೇ ಕೈಯಿಟ್ಟು ನೋಡುತ್ತಿರಬೇಕು.

ಕರೆಂಟ್ ಹೋದರೆ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಕೆಂಡದ ಮಡಕೆಯನ್ನು ಮುಚ್ಚಿದ ಕೋಣೆಯಲ್ಲಿ ಇಡಬೇಡಿ. ಆ ಗಾಳಿ ಮರಿಗಿರಲಿ, ನಿಮಗೂ ವಿಷ.

ಮರಿಯ ಕಾಲನ್ನು ನಿಮ್ಮ ಕೆನ್ನೆಗೆ ತಾಗಿಸಿ ನೋಡಿ. ಬೆಚ್ಚಗೆ ಅನ್ನಿಸಿದರೆ ಮೈ ಕಾವು ಬಂದಿದೆ. ಅರ್ಧ ಗಂಟೆಯೋ ಒಂದು ಗಂಟೆಯೋ ಹಿಡಿಯಬಹುದು.

ಒಂದು ಮಾತು. ಏಪ್ರಿಲ್ ಮಧ್ಯಾಹ್ನ ಬಂದ ಮರಿ ಬಾಯಿ ತೆರೆದು ಏದುಸಿರು ಬಿಡುತ್ತಾ ರೆಕ್ಕೆ ಅಗಲಿಸಿ ಬಿದ್ದಿದ್ದರೆ ಅದು ಸೆಕೆಯ ಸುಸ್ತು. ಅದಕ್ಕೆ ಬಲ್ಬ್ ಹಾಕಿದರೆ ಕೊಂದ ಹಾಗೆ. ನೆರಳು, ಗಾಳಿಯಾಡುವ ಜಾಗ, ಮಾಮೂಲಿ ನೀರು ಸಾಕು. ತಣ್ಣೀರು ಸುರಿದು ಮೈ ತೋಯಿಸಬೇಡಿ.

ಈಗ ನೀರು. ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ನೀರು ಒಂದು ಲೀಟರಿಗೆ ಮೂರು ದೊಡ್ಡ ಚಮಚ ಸಕ್ಕರೆ ಕರಗಿಸಿ. ಬೆಲ್ಲವೂ ಆಗುತ್ತದೆ, ಸೋಸಿಕೊಳ್ಳಿ. ಉಪ್ಪು ಮಾತ್ರ ಅಂದಾಜಿನಲ್ಲಿ ಹಾಕಬೇಡಿ, ಇಷ್ಟು ಚಿಕ್ಕ ಮೈಗೆ ಒಂದು ಚಿಟಿಕೆ ಜಾಸ್ತಿಯಾದರೂ ವಿಷವಾಗುತ್ತದೆ. ಕೋಳಿಗೆಂದೇ ಬರುವ ಎಲೆಕ್ಟ್ರೊಲೈಟ್ ಪುಡಿ ಪಶು ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಬೇಕಿದ್ದರೆ ಪೊಟ್ಟಣದ ಮೇಲೆ ಬರೆದ ಅಳತೆಯಲ್ಲೇ ಅದನ್ನು ಕಲಸಿ.

ಮರಿ ತಲೆ ಎತ್ತಿ ಹಿಡಿಯುವಷ್ಟು ಆದ ಮೇಲೆ ಮಾತ್ರ ಕುಡಿಸಿ. ಇಂಕ್ ಫಿಲ್ಲರ್‌ನಿಂದ ಒಂದು ಹನಿಯನ್ನು ಕೊಕ್ಕಿನ ಪಕ್ಕದಲ್ಲಿ, ಹೊರಗೇ ಬಿಡಿ. ಹನಿ ತಾನಾಗಿ ಒಳಗೆ ಇಳಿಯುತ್ತದೆ, ಮರಿ ಕೊಕ್ಕು ಆಡಿಸಿ ನುಂಗುತ್ತದೆ. ನುಂಗಿದ್ದು ಕಂಡ ಮೇಲೆ ಇನ್ನೊಂದು. ಎರಡು ಮೂರು ಹನಿ ಆದ ಮೇಲೆ ಬಿಟ್ಟುಬಿಡಿ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ. ನಡುನಡುವೆ ಎತ್ತಿ ಮುದ್ದು ಮಾಡುವುದು, ಮಕ್ಕಳ ಕೈಗೆ ಕೊಡುವುದು, ಫೋಟೋ ತೆಗೆಯುವುದು ಬೇಡ, ಅದಕ್ಕೆ ಈಗ ಬೇಕಾಗಿರುವುದು ಬೆಚ್ಚಗಿನ ನಿದ್ದೆ. ಸಕ್ಕರೆ ನೀರು ಮೊದಲ ದಿನಕ್ಕಷ್ಟೇ. ಆಮೇಲೆ ಬರೀ ನೀರು, ತಟ್ಟೆಯಲ್ಲಿ ಸಣ್ಣ ಕಲ್ಲು ಹಾಕಿ. ಒಂದು ಇಂಚು ನೀರಿನಲ್ಲೂ ಸುಸ್ತಾದ ಮರಿ ಮುಳುಗಿ ಸಾಯುತ್ತದೆ.

ಹಾಲು ಬೇಡ, ಅದು ಜೀರ್ಣವಾಗುವುದಿಲ್ಲ, ಬರೀ ಭೇದಿ. ಬ್ರಾಂದಿ ಹನಿ ಹಾಕಿ ಅನ್ನುವ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ. ಬ್ರಾಂದಿ ಅವರೇ ಕುಡಿಯಲಿ.

ಎದ್ದು ನಿಂತು ನೆಲ ಕುಕ್ಕಲು ಶುರು ಮಾಡಿದರೆ ಮೇವಿನ ಹೊತ್ತು. ಮೊದಲ ಹೊತ್ತಿಗೆ ಸಣ್ಣ ಜೋಳದ ನುಚ್ಚು, ಆಮೇಲೆ ಎಳೆಮರಿಗಳಿಗೆಂದೇ ಬರುವ ಸ್ಟಾರ್ಟರ್ ಫೀಡ್. ಕುಕ್ಕದಿದ್ದರೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿ ಮಾಡಿ ಬೆರಳ ತುದಿಯಲ್ಲಿ ಎದುರಿಗೆ ಹಿಡಿಯಿರಿ, ಉಗುರಿನಿಂದ ಡಬ್ಬದ ತಳ ಟಕ್ ಟಕ್ ಅನ್ನಿಸಿ. ತಾಯಿಕೋಳಿ ಕುಕ್ಕಿದ ಹಾಗೆ ಕೇಳಿಸಿ ಅದೂ ಕುಕ್ಕುತ್ತದೆ. ಸಂಜೆ ಕೊರಳ ಬುಡದ ಚೀಲ ಮುಟ್ಟಿ ನೋಡಿ, ಮೆತ್ತಗೆ ತುಂಬಿದ್ದರೆ ತಿಂದಿದೆ ಅಂತ ಲೆಕ್ಕ.

ಹಿಂಭಾಗವನ್ನೂ ನೋಡಬೇಕು. ಹಿಕ್ಕೆ ಅಂಟಿ ಒಣಗಿ ದ್ವಾರ ಮುಚ್ಚಿಹೋಗಿದ್ದರೆ ಮರಿ ಒಳಗೇ ಉಬ್ಬಿ ಸಾಯುತ್ತದೆ. ಬಿಸಿನೀರಿನ ಹತ್ತಿಯಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿ, ಎಳೆಯಬೇಡಿ, ಚರ್ಮ ಕಿತ್ತು ಬರುತ್ತದೆ. ಆಮೇಲೆ ಪೂರ್ತಿ ಒಣಗಿಸಿ ಒಂದು ಬೊಟ್ಟು ಕೊಬ್ಬರಿ ಎಣ್ಣೆ ಹಚ್ಚಿ. ಹೊಟ್ಟೆಯ ಕೆಳಗೆ, ದ್ವಾರಕ್ಕಿಂತ ಮುಂದೆ ಇರುವ ಕಪ್ಪು ಚುಕ್ಕೆ ಹೊಕ್ಕುಳು. ಅದನ್ನು ಹಿಕ್ಕೆ ಅಂದುಕೊಂಡು ಕೀಳಬೇಡಿ.

ಆ ಹೊಕ್ಕುಳು ಕೆಂಪಾಗಿ ಒದ್ದೆಯಾಗಿ ವಾಸನೆ ಬರುತ್ತಿದ್ದರೆ, ಹೊಟ್ಟೆ ಊದಿದ್ದರೆ, ಅದು ಸೋಂಕು. ಅಂಥ ಮರಿ ಉಳಿಯುವುದು ಅಪರೂಪ, ಬೇರೆ ಇಡಿ, ಮುಟ್ಟಿದ ಕೈ ಸೋಪು ಹಾಕಿ ತೊಳೆಯಿರಿ. ಒಂದೇ ಡಬ್ಬದಲ್ಲಿ ಐದಾರು ಹಾಗಿದ್ದರೆ ಪಶು ವೈದ್ಯರಿಗೆ ತೋರಿಸಿ. ಕಳಿಸಿದವರಿಗೂ ಅವತ್ತೇ ಫೋಟೋ ಸಮೇತ ಹೇಳಿ, ನಾಳೆ ಹೇಳಿದರೆ ಯಾರೂ ಕೇಳುವುದಿಲ್ಲ. ಒಂದೆರಡು ಸಾಯುವುದು ಮಾಮೂಲು.

ಚೇತರಿಸಿಕೊಂಡ ಮರಿಯನ್ನು ತಕ್ಷಣ ಹಿಂಡಿಗೆ ಬಿಡಬೇಡಿ, ತುಳಿದು ಹಾಕುತ್ತವೆ. ಹಾಗಂತ ಒಂಟಿಯಾಗಿ ಇಟ್ಟರೂ ಕೂಗಿ ಕೂಗಿ ಸೊರಗುತ್ತದೆ. ಹಿಂಡಿನಿಂದ ಒಂದು ಸಾಧು ಮರಿ ತಂದು ಜೊತೆಗಿಡಿ. ಒಂದೆರಡು ದಿನ ಬಿಟ್ಟು ಎರಡನ್ನೂ ಒಟ್ಟಿಗೆ ಸಂಜೆ ಹೊತ್ತು, ಎಲ್ಲವೂ ತೂಕಡಿಸುವಾಗ ಸೇರಿಸಿ. ಗುರುತಿಗೆ ಕಾಲಿಗೆ ದಾರ ಕಟ್ಟಿದ್ದರೆ ಎರಡು ಮೂರು ದಿನಕ್ಕೊಮ್ಮೆ ಬಿಚ್ಚಿ ಸಡಿಲವಾಗಿ ಕಟ್ಟಿ. ಕಾಲು ಎಷ್ಟು ಬೇಗ ದಪ್ಪವಾಗುತ್ತದೆ ಅಂದರೆ, ಬದುಕಿಸಿದ ಮರಿಯೊಂದನ್ನು ಆ ದಾರದಿಂದಲೇ ಕುಂಟು ಮಾಡಿದವನು ನಾನು.